ಒಮ್ಮೆ ಕೈಕೊಡುತ್ತದೆ, ಮತ್ತೆ ಸರಿಯಾಗುತ್ತದೆ: ಲಿನಕ್ಸ್ ಕರ್ನಲ್ ನೆಟ್‌ವರ್ಕಿಂಗ್‌ನಲ್ಲಿ ರೇಸ್ ಹಿಡಿಯುವ ದಾರಿ

ಬಸ್‌ಸ್ಟ್ಯಾಂಡಿಗೆ ಬಸ್ಸು ಬಂದು ನಿಂತಿದೆ. ಕಿಟಕಿಯಿಂದ ಇಣುಕಿದರೆ ಸೀಟು ಖಾಲಿ. ಬಾಗಿಲ ಹತ್ತಿರದ ನೂಕುನುಗ್ಗಲು ದಾಟಿ ಒಳಗೆ ಹೋಗುವಷ್ಟರಲ್ಲಿ ಅದೇ ಸೀಟಿನ ಮೇಲೆ ಯಾರದೋ ಟವೆಲ್ ಬಿದ್ದಿರುತ್ತದೆ. ನೀವು ನೋಡಿದ್ದು ಸುಳ್ಳಲ್ಲ. ನೋಡಿದ್ದಕ್ಕೂ ಕೂರುವುದಕ್ಕೂ ನಡುವೆ ಸ್ವಲ್ಪ ಹೊತ್ತು ಇತ್ತು, ಅಷ್ಟರಲ್ಲಿ ಇನ್ನೊಬ್ಬರು ಬಂದರು. ರೇಸ್ ಕಂಡೀಷನ್ ಅಂದರೆ ಇಷ್ಟೇ. ಬಸ್ಸಿನಲ್ಲಾದರೆ ಜಗಳ ಆಗಿ ಒಬ್ಬರು ಎದ್ದು ನಿಲ್ಲುತ್ತಾರೆ. ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿ, ಇಬ್ಬರೂ ಒಬ್ಬರ ಮೇಲೊಬ್ಬರು ಕೂತುಬಿಡುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ಮೂರನೆಯವರ ಕಾಲು ಮುರಿಯುತ್ತದೆ.

ನೆಟ್‌ವರ್ಕಿಂಗ್ ಕೋಡ್‌ನಲ್ಲಿ ಇದು ಜಾಸ್ತಿ. ಒಂದೇ ಸಾಕೆಟ್ಟನ್ನು, ಅಂದರೆ ಪ್ರೋಗ್ರಾಂ ನೆಟ್‌ವರ್ಕ್ ಜೊತೆ ಮಾತಾಡುವ ಬಾಗಿಲನ್ನು, ಎಷ್ಟು ಜನ ಮುಟ್ಟುತ್ತಾರೆ ನೋಡಿ. ಪ್ರೋಗ್ರಾಂ ಅದರಲ್ಲಿ ಬರೆಯುತ್ತಿರುತ್ತದೆ. ಇನ್ನೊಂದು ಸಿಪಿಯು ಮೇಲೆ ಸಾಫ್ಟ್‌ಐಆರ್‌ಕ್ಯು (ಇಂಟರಪ್ಟ್ ಆದ ಮೇಲೆ ಉಳಿದ ಕೆಲಸ ಮುಗಿಸುವ ಕರ್ನಲ್‌ನ ಭಾಗ) ಬಂದ ಪ್ಯಾಕೆಟ್ ತುಂಬುತ್ತಿರುತ್ತದೆ. ಟೈಮರ್ ಮರುಪ್ರಸಾರಕ್ಕೆ ಕಾಯುತ್ತಿರುತ್ತದೆ. ಅದೇ ಹೊತ್ತಿಗೆ ಅಡ್ಮಿನ್ ಒಬ್ಬರು ಆ ಇಂಟರ್ಫೇಸನ್ನೇ ಅಳಿಸಲು ಕೂತಿರುತ್ತಾರೆ.

ಕೆಳಗಿನದೆಲ್ಲ ಲಿನಕ್ಸ್ ಮಟ್ಟಿಗೆ ಬರೆದದ್ದು. ಸರ್ವರ್ ನೋಡಿಕೊಳ್ಳುವವರಿಗೆ ಮೊದಲ ಅರ್ಧ ಸಾಕು. ಡ್ರೈವರ್ ಅಥವಾ ಪ್ರೋಟೋಕಾಲ್ ಕೋಡ್ ಬರೆಯುವವರು ಕೊನೆತನಕ ಬನ್ನಿ.

## ಕೈ ಹಾಕುವ ಮುಂಚೆ

ಎಸ್‌ಎಸ್‌ಎಚ್‌ನಲ್ಲಿ ಕೂತು ನೆಟ್‌ವರ್ಕ್ ಡ್ರೈವರ್ ತೆಗೆದು ಹಾಕುವುದು ಕೂತ ಕೊಂಬೆಯನ್ನೇ ಕಡಿದಂತೆ. ಸೀರಿಯಲ್ ಕನ್ಸೋಲ್ ಅಥವಾ ಬೇರೆ ಯಾವುದಾದರೂ ದಾರಿ ಇದ್ದರೆ ಮಾತ್ರ ಮುಂದುವರಿಯಿರಿ. ಕೇಸ್ಯಾನ್ (ಮೆಮೊರಿಯ ತಪ್ಪು ಹಿಡಿಯುವ ಸಾಧನ), ಲಾಕ್‌ಡೆಪ್ (ಲಾಕ್‌ನ ತಪ್ಪು ಹಿಡಿಯುವ ಸಾಧನ) ಹಾಕಿದ ಡೀಬಗ್ ಕರ್ನಲ್ಲನ್ನು ಗ್ರಾಹಕರ ಕೆಲಸ ನಡೆಯುವ ಯಂತ್ರದಲ್ಲಿ ಓಡಿಸಬೇಡಿ. ಕೇಸ್ಯಾನ್‌ನ ಸಾಮಾನ್ಯ ರೂಪ ಮೆಮೊರಿಯ ಎಂಟನೇ ಒಂದು ಭಾಗವನ್ನು ತನ್ನ ಲೆಕ್ಕದ ಪುಸ್ತಕಕ್ಕೇ ಇಟ್ಟುಕೊಳ್ಳುತ್ತದೆ, ವೇಗವೂ ಚೆನ್ನಾಗಿಯೇ ಇಳಿಯುತ್ತದೆ. ಕ್ರ್ಯಾಶ್ ಡಂಪ್ ಫೈಲನ್ನು ಸುಮ್ನೆ ಯಾರಿಗಾದರೂ ಕಳಿಸುವುದೂ ಬೇಡ. ಅದರಲ್ಲಿ ಆ ಕ್ಷಣದ ಇಡೀ ಮೆಮೊರಿ ಇರುತ್ತದೆ: ಪಾಸ್‌ವರ್ಡ್, ಕೀ, ಬೇರೆಯವರ ಪ್ಯಾಕೆಟ್ ಎಲ್ಲ.

ಇನ್ನೊಂದು ಮಾತು. ಎಲ್ಲ ವಿಚಿತ್ರ ತೊಂದರೆಗೂ ರೇಸ್ ಕಾರಣ ಅಲ್ಲ. ಕೆಟ್ಟ ರ‍್ಯಾಮ್ ಕೂಡ ಹೀಗೇ ಆಟ ಆಡಿಸುತ್ತದೆ. ಒಂದೇ ಯಂತ್ರದಲ್ಲಿ, ಪ್ರತಿ ಸಲ ಬೇರೆ ಬೇರೆ ಕಡೆ ಕುಸಿಯುತ್ತಿದ್ದರೆ ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿ. ಹತ್ತು ಯಂತ್ರದಲ್ಲಿ, ಅದೇ ಫಂಕ್ಷನ್ ಹತ್ತಿರ ಕುಸಿಯುತ್ತಿದ್ದರೆ ಅದು ಕೋಡ್‌ನ ತಪ್ಪು. ಕೇಬಲ್ ಬದಲಿಸಿ ನೋಡಿ, ನೆಟ್‌ವರ್ಕ್ ಕಾರ್ಡ್‌ನ ವಿವರ ತೋರಿಸುವ ಇತ್‌ಟೂಲ್ ಕೊಡುವ ದೋಷದ ಎಣಿಕೆ ನೋಡಿ. ಕರ್ನಲ್ ಲಾಗ್‌ನಲ್ಲಿ ಕಾನ್‌ಟ್ರ್ಯಾಕ್ ಟೇಬಲ್ (ನಡೆಯುತ್ತಿರುವ ಸಂಪರ್ಕಗಳ ಪಟ್ಟಿ) ತುಂಬಿದೆ ಎಂಬ ಸಾಲು ಇದೆಯಾ ನೋಡಿ. ಇದ್ದರೆ ಅದು ಜಾಗದ ಕೊರತೆ. ಟೇಬಲ್ ಮಿತಿ ಏರಿಸಿದರೆ ಮುಗಿಯಿತು.

## ಡಿಎನ್‌ಎಸ್ ಆಗಾಗ ಸರಿಯಾಗಿ 5 ಸೆಕೆಂಡ್ ತಡವಾಗುತ್ತದೆ

ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್ ಓಡಿಸುವವರಿಗೆ ಇದು ಹಳೇ ನೆಂಟ. ಹೆಸರಿಗೆ ವಿಳಾಸ ಕೇಳುವ ನೂರಾರು ಡಿಎನ್‌ಎಸ್ ಕೋರಿಕೆ ಪಟಪಟ ಹೋಗುತ್ತವೆ, ನಡುವೆ ಒಂದು ಮಾತ್ರ 5 ಸೆಕೆಂಡ್ ನಿಲ್ಲುತ್ತದೆ. 4.2 ಅಲ್ಲ, 6 ಅಲ್ಲ, 5. ಅಷ್ಟು ದುಂಡಗಿನ ಸಂಖ್ಯೆ ಕಂಡರೆ ಎಲ್ಲೋ ಒಂದು ಟೈಮೌಟ್ ಕೂತಿದೆ ಅಂತಲೇ ಅರ್ಥ. ಇದು ಜಿಲಿಬ್‌ಸಿ (ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ) ರಿಸಾಲ್ವರ್ ಒಂದು ಉತ್ತರಕ್ಕೆ ಕಾಯುವ ಹೊತ್ತು.

ಒಳಗೆ ಆಗುವುದು ಹೀಗೆ. ಹೆಸರು ಹುಡುಕುವಾಗ ಜಿಲಿಬ್‌ಸಿ ಐಪಿವಿ4 ಮತ್ತು ಐಪಿವಿ6 ವಿಳಾಸ ಎರಡನ್ನೂ ಒಂದೇ ಯುಡಿಪಿ ಸಾಕೆಟ್‌ನಿಂದ ಒಟ್ಟಿಗೇ ಕೇಳುತ್ತದೆ. ಎರಡೂ ಪ್ಯಾಕೆಟ್ ಎರಡು ಸಿಪಿಯು ಮೇಲೆ ಏಕಕಾಲಕ್ಕೆ ಹೊರಟರೆ, ಇಬ್ಬರೂ ಕಾನ್‌ಟ್ರ್ಯಾಕ್ ಟೇಬಲ್ ನೋಡುತ್ತಾರೆ. ಇಬ್ಬರಿಗೂ 'ಈ ಸಂಪರ್ಕದ ದಾಖಲೆ ಇಲ್ಲ' ಅನ್ನಿಸುತ್ತದೆ. ಇಬ್ಬರೂ ಹೊಸ ದಾಖಲೆ ಬರೆದುಕೊಂಡು ಹೊರಡುತ್ತಾರೆ. ಆದರೆ ಟೇಬಲ್‌ಗೆ ಸೇರಿಸುವುದು ದಾರಿಯ ಕೊನೆಯಲ್ಲಿ. ಮೊದಲು ಬಂದವರ ಟವೆಲ್ ಬಿತ್ತು. ಎರಡನೆಯವರು ಬಂದಾಗ ಅದೇ ಸೀಟಿಗೆ ಜಗಳ, ಅವರ ಪ್ಯಾಕೆಟ್ಟನ್ನು ಕರ್ನಲ್ ಸದ್ದಿಲ್ಲದೆ ಬಿಸಾಡುತ್ತದೆ. ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಖರ್ಚಿಲ್ಲ. ಕಾನ್‌ಟ್ರ್ಯಾಕ್ ಟೂಲ್‌ನಲ್ಲಿ ಸಿಪಿಯುವಾರು ಎಣಿಕೆ ತೋರಿಸುವ ಆಯ್ಕೆ ಇದೆ. ಅದರಲ್ಲಿ 'ಇನ್ಸರ್ಟ್ ಫೇಲ್ಡ್' ಅನ್ನುವ ಅಂಕಿ ನೋಡಿ. ಡಿಎನ್‌ಎಸ್ ತಡವಾದಾಗಲೆಲ್ಲ ಅದೂ ಏರುತ್ತಿದ್ದರೆ ಕಳ್ಳ ಸಿಕ್ಕ. ಟಿಸಿಪಿಡಂಪ್‌ನಲ್ಲಿ ಎರಡು ಪ್ರಶ್ನೆ ಹೊರಟು, ಒಂದಕ್ಕೆ ಮಾತ್ರ ಉತ್ತರ ಬಂದು, 5 ಸೆಕೆಂಡ್ ಬಿಟ್ಟು ಮತ್ತೆ ಕೇಳಿದ್ದು ಕಾಣುತ್ತದೆ.

ಅಗ್ಗದ ಪರಿಹಾರ: ರಿಸಾಲ್ವ್ ಕಾನ್ಫ್ ಫೈಲ್‌ನಲ್ಲಿ 'ಸಿಂಗಲ್ ರಿಕ್ವೆಸ್ಟ್ ರೀಓಪನ್' ಆಯ್ಕೆ ಹಾಕುವುದು. ಆಗ ಎರಡು ಪ್ರಶ್ನೆಗೆ ಎರಡು ಬೇರೆ ಸಾಕೆಟ್ ಬಳಸುತ್ತದೆ, ಜಗಳ ಇಲ್ಲ. ಆದರೆ ಆಲ್ಪೈನ್ ಇಮೇಜ್‌ನಲ್ಲಿ ಇದು ನಡೆಯುವುದಿಲ್ಲ. ಅಲ್ಲಿರುವುದು ಮಸ್ಲ್ ಲೈಬ್ರರಿ, ಅದಕ್ಕೆ ಈ ಆಯ್ಕೆ ಗೊತ್ತೇ ಇಲ್ಲ. ಅಂಥ ಕಡೆ ಪ್ರತಿ ನೋಡ್‌ನಲ್ಲೇ ಒಂದು ಡಿಎನ್‌ಎಸ್ ಕ್ಯಾಶ್ ಇಡುವುದು ಒಳ್ಳೆಯದು. ಕರ್ನಲ್ ಒಳಗಿನ ಪರಿಹಾರ ಕಂತುಕಂತಾಗಿ ಬಂತು. ಕರ್ನಲ್ ಆವೃತ್ತಿ 5.0ರ ಹೊತ್ತಿಗೆ ಒಂದಷ್ಟು, 2020ರಲ್ಲಿ ಇನ್ನಷ್ಟು. ಹಾಗಾಗಿ ಹಳೇ ಕರ್ನಲ್ ಇದ್ದರೆ ಮೊದಲು ಅದನ್ನು ಬದಲಿಸಿ.

ಕಾನ್‌ಟ್ರ್ಯಾಕ್ ಟೇಬಲ್ ಒಮ್ಮೆ ಖಾಲಿ ಮಾಡಿ ನೋಡೋಣ ಅಂತ ಹೊರಡಬೇಡಿ. ನ್ಯಾಟ್ (ವಿಳಾಸ ಬದಲಿಸಿ ಕಳಿಸುವ ವ್ಯವಸ್ಥೆ) ಮೂಲಕ ಹೋಗುತ್ತಿರುವ ಸಂಪರ್ಕಗಳು ಕಡಿದುಹೋಗಬಹುದು. ರೇಸ್ ಮಾತ್ರ ಹಾಗೇ ಇರುತ್ತದೆ.

## ಕಾರ್ಡ್ ಇದ್ದಕ್ಕಿದ್ದಂತೆ ಕಳಿಸುವುದು ನಿಲ್ಲಿಸುತ್ತದೆ, ಲಾಗ್‌ನಲ್ಲಿ ವಾಚ್‌ಡಾಗ್ ಸಾಲು

'ನೆಟ್‌ಡೆವ್ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್' ಎಂಬ ಸಾಲು ಬಂದರೆ, ಕಳಿಸುವ ಸಾಲು (ಕ್ಯೂ) ನಿಂತು ತುಂಬಾ ಹೊತ್ತಾಗಿದೆ ಅಂತ ಅರ್ಥ. ಡ್ರೈವರ್ ಬೇರೆ ಹೇಳದಿದ್ದರೆ ಆ ಹೊತ್ತು 5 ಸೆಕೆಂಡ್. ಡಿಎನ್‌ಎಸ್‌ನ 5 ಸೆಕೆಂಡ್‌ಗೂ ಇದಕ್ಕೂ ಸಂಬಂಧ ಇಲ್ಲ, ಗೊಂದಲ ಬೇಡ.

ಹತ್ತರಲ್ಲಿ ಬಹುಪಾಲು ಸಲ ಇದು ಫರ್ಮ್‌ವೇರ್, ಕೇಬಲ್ ಅಥವಾ ಎದುರಿನ ಸ್ವಿಚ್ 'ಸ್ವಲ್ಪ ತಡಿ' ಅಂತ ಕಳಿಸುವ ಪಾಝ್ ಫ್ರೇಮ್. ಅವನ್ನು ಮೊದಲು ತಳ್ಳಿಹಾಕಿ. ಉಳಿದರೆ ಡ್ರೈವರ್‌ನಲ್ಲಿ ತಪ್ಪಿಹೋದ ಎಚ್ಚರಿಕೆಯ ರೇಸ್ ಹುಡುಕಿ. ಕಳಿಸುವ ಫಂಕ್ಷನ್ ರಿಂಗ್ (ಕಾರ್ಡ್‌ಗೆ ಕೊಡುವ ಪ್ಯಾಕೆಟ್‌ಗಳ ಬಫರ್) ತುಂಬಿದೆ ಅಂತ ನೋಡಿತು. ಇನ್ನೇನು ಸಾಲು ನಿಲ್ಲಿಸಬೇಕು, ಅಷ್ಟರಲ್ಲಿ ಇನ್ನೊಂದು ಸಿಪಿಯು ಎಲ್ಲ ಪ್ಯಾಕೆಟ್ ಖಾಲಿ ಮಾಡಿ, 'ಸಾಲು ನಿಂತಿಲ್ಲವಲ್ಲ, ಎಬ್ಬಿಸುವುದು ಬೇಡ' ಅಂತ ಹೊರಟುಹೋಯಿತು. ಆಮೇಲೆ ಮೊದಲನೆಯದು ನಿಲ್ಲಿಸಿತು. ಈಗ ಎಬ್ಬಿಸುವವರು ಯಾರೂ ಇಲ್ಲ. ರಿಂಗ್ ಖಾಲಿ, ಸಾಲು ಬಂದ್. ಈ ಎರಡೂ ಒಟ್ಟಿಗೆ ಕಂಡರೆ ಇದೇ ರೋಗ. ಮದ್ದು ಗೊತ್ತಿರುವುದೇ: ಮೊದಲು ನಿಲ್ಲಿಸಿ, ಮೆಮೊರಿ ಬ್ಯಾರಿಯರ್ (ಓದು-ಬರಹದ ಕ್ರಮ ಅದಲುಬದಲಾಗದಂತೆ ತಡೆಯುವ ಸೂಚನೆ) ಹಾಕಿ, ಮತ್ತೊಮ್ಮೆ ರಿಂಗ್ ನೋಡಿ, ಜಾಗ ಇದ್ದರೆ ನೀವೇ ಎಬ್ಬಿಸಿ. ಖಾಲಿ ಮಾಡುವ ಕಡೆಯೂ ಬ್ಯಾರಿಯರ್ ಬೇಕು. ಒಂದೇ ಕಡೆ ಹಾಕಿದರೆ ಹಾಕದಂತೆಯೇ.

## ಕಂಟೇನರ್ ಅಳಿಸಲು ಹೋದರೆ ಸಿಕ್ಕಿಕೊಳ್ಳುತ್ತದೆ

'ಅನ್‌ರಿಜಿಸ್ಟರ್ ನೆಟ್‌ಡಿವೈಸ್, ಎಲ್‌ಒ ಬಿಡುಗಡೆಗೆ ಕಾಯುತ್ತಿದೆ, ಯೂಸೇಜ್ ಕೌಂಟ್ 1' ಎಂಬರ್ಥದ ಸಾಲು 10 ಸೆಕೆಂಡಿಗೊಮ್ಮೆ ಬರುತ್ತಿರುತ್ತದೆ. ಎಲ್‌ಒ ಅಂದರೆ ಲೂಪ್‌ಬ್ಯಾಕ್ ಇಂಟರ್ಫೇಸ್. ಯಾರೋ ಆ ಡಿವೈಸನ್ನು ಹಿಡಿದುಕೊಂಡು ಬಿಟ್ಟಿಲ್ಲ. ಎಣಿಕೆ ಇಳಿಯುತ್ತಾ ಇದ್ದರೆ ಕಾಯಿರಿ, ಬಿಡುತ್ತದೆ. ಗಂಟೆಗಟ್ಟಲೆ ಅದೇ ಅಂಕಿ ಇದ್ದರೆ ಸೋರಿಕೆ. ಆ ಯಂತ್ರಕ್ಕೆ ರೀಬೂಟ್ ಬಿಟ್ಟು ದಾರಿಯಿಲ್ಲ. ಹಿಡಿದವರು ಯಾರು ಅಂತ ಗೊತ್ತಾಗಬೇಕಾದರೆ 5.17ರಿಂದ ಬಂದಿರುವ ನೆಟ್ ಡಿವೈಸ್ ರೆಫರೆನ್ಸ್ ಟ್ರ್ಯಾಕರ್ ಹಾಕಿದ ಕರ್ನಲ್ ಬೇಕು. ಅದು ಪ್ರತಿ ಹಿಡಿತಕ್ಕೂ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಣಿ) ಬರೆದಿಟ್ಟುಕೊಳ್ಳುತ್ತದೆ, ಸೋರಿದ್ದು ಎಲ್ಲಿ ಅಂತ ಹೆಸರು ಹಿಡಿದು ಹೇಳುತ್ತದೆ.

## ಯಂತ್ರ ಸ್ತಬ್ಧ, ಸಾಫ್ಟ್ ಲಾಕಪ್ ಸಂದೇಶ

ಒಂದು ಸಿಪಿಯು 20 ಸೆಕೆಂಡಿಗಿಂತ ಜಾಸ್ತಿ ಯಾರಿಗೂ ಜಾಗ ಬಿಡದಿದ್ದರೆ ಈ ಸಂದೇಶ ಬರುತ್ತದೆ. '22 ಸೆಕೆಂಡ್ ಸಿಕ್ಕಿಕೊಂಡಿದೆ' ಅಂತ ಬರೆದಿರುವುದೇ ಹೆಚ್ಚು. ಸ್ಟ್ಯಾಕ್‌ನ ಮೇಲ್ಭಾಗದಲ್ಲಿ ಸ್ಪಿನ್ ಲಾಕ್ (ಸಿಗುವ ತನಕ ಸುತ್ತುತ್ತಾ ಕಾಯಿಸುವ ಬೀಗ) ಕಂಡರೆ ಲಾಕ್‌ನ ತಪ್ಪು ಇರಬಹುದು.

ನೆಟ್‌ವರ್ಕಿಂಗ್‌ನಲ್ಲಿ ಮಾಮೂಲಿ ತಪ್ಪು ಯಾವುದು ಗೊತ್ತಾ? ಪ್ರೋಗ್ರಾಂನ ಪರವಾಗಿ ಓಡುವ ಕೋಡ್ ಬರೀ ಸ್ಪಿನ್ ಲಾಕ್ ಹಾಕಿರುತ್ತದೆ. ಅದೇ ಸಿಪಿಯು ಮೇಲೆ ಇಂಟರಪ್ಟ್ ಬಂದು, ಅದರ ಬೆನ್ನಿಗೇ ಸಾಫ್ಟ್‌ಐಆರ್‌ಕ್ಯು ಶುರುವಾಗಿ, ಅದೇ ಲಾಕ್ ಕೇಳುತ್ತದೆ. ಲಾಕ್ ಹಿಡಿದವನಿಗೆ ಓಡಲು ಸಿಪಿಯು ಇಲ್ಲ, ಕೇಳಿದವನು ಬಿಡುವುದಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡವನೇ ಹೊರಗೆ ನಿಂತು ಬಾಗಿಲು ಬಡಿದಂತೆ. ಬಿಎಚ್ ಬಗೆಯ ಸ್ಪಿನ್ ಲಾಕ್ ಹಾಕಿದ್ದರೆ ಲಾಕ್ ಬಿಡುವ ತನಕ ಸಾಫ್ಟ್‌ಐಆರ್‌ಕ್ಯು ಕಾಯುತ್ತಿತ್ತು.

ಲಾಕ್‌ಡೆಪ್ ಹಾಕಿದ ಕರ್ನಲ್ ಇದನ್ನು ನಿಜವಾಗಿ ಸಿಕ್ಕಿಕೊಳ್ಳುವ ಮುಂಚೆಯೇ ಹೇಳುತ್ತದೆ. 'ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್' ಅಂತ ಬಂದರೆ ಮೇಲೆ ಹೇಳಿದ್ದೇ. ಒಂದು ಕಿವಿಮಾತು: ಲಾಕ್‌ಡೆಪ್ ಒಂದು ತಪ್ಪು ಹೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ರೀಬೂಟ್ ಮಾಡದೆ ಎರಡನೇ ತಪ್ಪು ಕಾಣುವುದಿಲ್ಲ. ಬೂಟ್ ಆದ ಕೂಡಲೇ ಬೇರೆ ಯಾವುದೋ ಡ್ರೈವರ್ ಬಗ್ಗೆ ಅದು ದೂರು ಹೇಳಿದ್ದರೆ, ನಿಮ್ಮ ಪರೀಕ್ಷೆಯ ಹೊತ್ತಿಗೆ ಅದು ಮಲಗಿರುತ್ತದೆ. 'ಲಾಕ್‌ಡೆಪ್‌ನಲ್ಲಿ ಏನೂ ಬಂದಿಲ್ಲ' ಅಂತ ಖುಷಿಪಡುವ ಮುಂಚೆ ಲಾಗ್‌ನ ಆರಂಭ ನೋಡಿ.

## ಕ್ರ್ಯಾಶ್ ಆಗುತ್ತದೆ, ವಿಳಾಸ ವಿಚಿತ್ರವಾಗಿದೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಅಸಲಿ ರೇಸ್‌ಗಳೆಲ್ಲ ಇಲ್ಲೇ ಬಂದು ಬೀಳುತ್ತವೆ.

ಮೊದಲು ಕ್ರ್ಯಾಶ್ ಸಂದೇಶದಲ್ಲಿ ರಿಜಿಸ್ಟರ್‌ಗಳನ್ನು ನೋಡಿ. 'ಡೆಡ್' ಅಂತ ಶುರುವಾಗಿ 100 ಅಥವಾ 122ರಲ್ಲಿ ಮುಗಿಯುವ ವಿಳಾಸ ಇದ್ದರೆ, ಪಟ್ಟಿಯಿಂದ ಆಗಲೇ ತೆಗೆದುಹಾಕಿದ ವಸ್ತುವನ್ನು ಯಾರೋ ಮತ್ತೆ ಮುಟ್ಟಿದ್ದಾರೆ. ಕರ್ನಲ್ ಬೇಕಂತಲೇ ಆ ವಿಷದ ಗುರುತು ಇಟ್ಟಿರುತ್ತದೆ. ಸ್ಲ್ಯಾಬ್ ಡೀಬಗ್ (ಕರ್ನಲ್ ಮೆಮೊರಿ ಹಂಚಿಕೆಯ ತಪಾಸಣೆ) ಹಾಕಿದ್ದಾಗ 6ಬಿ 6ಬಿ 6ಬಿ ಅಂತ ಸಾಲಾಗಿ ಕಂಡರೆ, ಬಿಟ್ಟುಕೊಟ್ಟ ಮೆಮೊರಿ ಓದಿದ್ದಾರೆ. 'ರೆಫ್‌ಕೌಂಟ್ ಅಂಡರ್‌ಫ್ಲೋ' ಅಂತ ಬಂದರೆ ಹಿಡಿದದ್ದಕ್ಕಿಂತ ಹೆಚ್ಚು ಸಲ ಬಿಟ್ಟಿದ್ದಾರೆ. ಟೇಂಟ್ ಅಕ್ಷರಗಳನ್ನೂ (ಕರ್ನಲ್‌ಗೆ ಹೊರಗಿನ ಮಾಡ್ಯೂಲ್ ಸೇರಿದೆ ಮುಂತಾದ ಗುರುತು) ನೋಡಿ. ಹೊರಗಿನ ಮಾಡ್ಯೂಲ್ ಇದ್ದರೆ ಅದನ್ನು ತೆಗೆದು ಮತ್ತೆ ಪರೀಕ್ಷಿಸಿ. ಹಾಗೆ ಮಾಡದೆ ಕಳಿಸಿದ ದೂರನ್ನು ಕರ್ನಲ್ ಮಂದಿ ಕಣ್ಣೆತ್ತಿಯೂ ನೋಡಲ್ಲ, ನೋಡಬೇಕಾಗಿಯೂ ಇಲ್ಲ.

ಆಮೇಲೆ ಪರೀಕ್ಷಾ ಯಂತ್ರದಲ್ಲಿ ಕೇಸ್ಯಾನ್ ಹಾಕಿ. ಅದು ಮೂರು ಸ್ಟ್ಯಾಕ್ ಕೊಡುತ್ತದೆ: ಮುಟ್ಟಿದವರು, ಮೆಮೊರಿ ಪಡೆದವರು, ಮೆಮೊರಿ ಬಿಟ್ಟವರು. ಎಲ್ಲರೂ ಮೊದಲನೆಯದನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ನಾನೂ ಮೂರು ದಿನ ಹಾಗೇ ಕೂತಿದ್ದೇನೆ. ಕುಸಿದ ಜಾಗ ಬೇರೆ, ತಪ್ಪಿದ ಜಾಗ ಬೇರೆ. ಬಿಟ್ಟವರ ಸ್ಟ್ಯಾಕ್ ಮೊದಲು ಓದಿ. ಅವರು ಯಾವ ಲಾಕ್ ಹಿಡಿದು ಬಿಟ್ಟರು? ಮುಟ್ಟಿದವರು ಯಾವ ಲಾಕ್ ಹಿಡಿದಿದ್ದರು? ಎರಡೂ ಒಂದೇ ಲಾಕ್ ಅಲ್ಲದಿದ್ದರೆ ಉತ್ತರ ಅರ್ಧ ಸಿಕ್ಕಿತು.

ಒಂದೇ ಲಾಕ್ ಇದ್ದರೂ ನೆಮ್ಮದಿ ಬೇಡ. ಸಿವಿಇ-2021-26708 (ಸಿವಿಇ ಅಂದರೆ ಭದ್ರತಾ ದೋಷಗಳಿಗೆ ಕೊಡುವ ಸಾರ್ವಜನಿಕ ಸಂಖ್ಯೆ) ಅಂಥದ್ದು. ವಿಸಾಕ್ (ವರ್ಚುವಲ್ ಯಂತ್ರ ಮತ್ತು ಹೋಸ್ಟ್ ಮಾತಾಡುವ ಸಾಕೆಟ್) ಕೋಡ್‌ಗೆ 2019ರ ನವೆಂಬರ್‌ನಲ್ಲಿ ಹಲವು ಟ್ರಾನ್ಸ್‌ಪೋರ್ಟ್ ಸೌಲಭ್ಯ ಸೇರಿಸಿದಾಗ ನುಸುಳಿದ ತಪ್ಪು. ಫಂಕ್ಷನ್‌ಗಳು ಸಾಕೆಟ್ ಲಾಕ್ ಹಾಕುತ್ತಿದ್ದವು, ನಿಜ. ಆದರೆ ಲಾಕ್‌ಗಿಂತ ಮೇಲಿನ ಸಾಲಿನಲ್ಲೇ ಟ್ರಾನ್ಸ್‌ಪೋರ್ಟ್ ಪಾಯಿಂಟರನ್ನು ಲೋಕಲ್ ವೇರಿಯಬಲ್‌ಗೆ ನಕಲು ಮಾಡಿಕೊಂಡಿದ್ದವು. ಲಾಕ್ ಸಿಗುವ ಹೊತ್ತಿಗೆ ಬೇರೆಯವರು ಟ್ರಾನ್ಸ್‌ಪೋರ್ಟ್ ಬದಲಿಸಿಬಿಟ್ಟರೆ ಕೈಯಲ್ಲಿರುವುದು ಹಳೇ ವಿಳಾಸ. ಅಲೆಕ್ಸಾಂಡರ್ ಪೊಪೊವ್ ಹುಡುಕಿ 2021ರಲ್ಲಿ ಸರಿಮಾಡಿದರು. ಪ್ಯಾಚ್ ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ, ಆ ಸಾಲನ್ನು ಲಾಕ್‌ನ ಕೆಳಗೆ ಇಳಿಸಿದ್ದು. ವೇರಿಯಬಲ್ಲನ್ನು ಘೋಷಿಸುವಾಗಲೇ ಬೆಲೆ ತುಂಬುವ ನಮ್ಮ ಅಭ್ಯಾಸ ಎಷ್ಟು ದುಬಾರಿ ನೋಡಿ.

ಟೈಮರ್ ಇರುವ ಕೋಡ್ ಆದರೆ ಮುಚ್ಚುವ ದಾರಿಯನ್ನು ನೋಡಿ. ಕಚ್ಚಾ ಪ್ಯಾಕೆಟ್ ಓದುವ, ಬರೆಯುವ ಎಎಫ್ ಪ್ಯಾಕೆಟ್ ಸಾಕೆಟ್‌ನ ಸಿವಿಇ-2016-8655 ಇಲ್ಲಿನ ಪಾಠ. 2011ರಿಂದ ಐದು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರಿಂಗ್ ಇಲ್ಲದಿದ್ದರೆ ಮಾತ್ರ ಸಾಕೆಟ್‌ನ ಆವೃತ್ತಿ ಬದಲಿಸಬಹುದು ಎಂಬ ನಿಯಮ ಇತ್ತು. ಆದರೆ ರಿಂಗ್ ಇಲ್ಲ ಅಂತ ನೋಡಿ ಆವೃತ್ತಿ ಬದಲಿಸುವುದರ ನಡುವೆ ಲಾಕ್ ಇರಲಿಲ್ಲ. ಕಿಟಕಿಯಿಂದ ನೋಡಿದ ಖಾಲಿ ಸೀಟು, ಅಲ್ವಾ? ಆ ಸಂದಿಯಲ್ಲಿ ಇನ್ನೊಬ್ಬರು ಮೂರನೇ ಆವೃತ್ತಿಯ ರಿಂಗ್ ಕಟ್ಟಿ ಟೈಮರ್ ಶುರುಮಾಡಿದರೆ, ಮುಚ್ಚುವಾಗ ಕೋಡ್ 'ಇದು ಹಳೇ ಆವೃತ್ತಿ, ಟೈಮರ್ ಇಲ್ಲ' ಅಂತ ಅದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಸಾಕೆಟ್ ಸತ್ತ ಮೇಲೂ ಟೈಮರ್ ಓಡುತ್ತಿತ್ತು.

ಮುಚ್ಚುವಾಗಿನ ಕ್ರಮ ಇದು: ಹೊಸ ಕೆಲಸ ಬರುವ ಬಾಗಿಲು ಮೊದಲು ಮುಚ್ಚಿ, ನಡೆಯುತ್ತಿರುವ ಟೈಮರ್ ಮತ್ತು ವರ್ಕ್ ಮುಗಿಯುವ ತನಕ ಕಾಯಿರಿ, ಮೆಮೊರಿ ಬಿಡುವುದು ಕೊನೆಗೆ. ಟೈಮರ್ ಅಳಿಸುವಾಗ ಕಾಯುವ ಬಗೆಯ ಫಂಕ್ಷನ್ನನ್ನೇ ಬಳಸಿ. ಆದರೆ ಟೈಮರ್ ಒಳಗೆ ಹಾಕುವ ಲಾಕನ್ನು ನೀವೇ ಹಿಡಿದುಕೊಂಡು ಅದು ಮುಗಿಯಲಿ ಅಂತ ಕಾದರೆ ಇಬ್ಬರೂ ಅಲ್ಲೇ.

ಓದುವವರು ಲಾಕ್‌ಗೆ ಕಾಯದಂತೆ ಮಾಡುವ ಆರ್‌ಸಿಯು ಬಗ್ಗೆ ಒಂದು ಮಾತು. ಹಳೇ ಮನೆ ಕೆಡವುವವರು ಮೊದಲು ದಾರಿಯ ಬೋರ್ಡ್ ತೆಗೆಯುತ್ತಾರೆ, ಒಳಗಿರುವವರು ಹೊರಬರುವ ತನಕ ಕಾಯುತ್ತಾರೆ, ಆಮೇಲೆ ಹಾರೆ ಎತ್ತುತ್ತಾರೆ. ಆರ್‌ಸಿಯು ಅದೇ. ತಪ್ಪಾಗುವುದು ಎರಡು ಕಡೆ. ಕಾಯದೆ ಕೆಡವುವುದು ಒಂದು. ಒಳಗಿದ್ದವರು ಹೊರಬಂದ ಮೇಲೂ ಆ ಮನೆಯ ವಿಳಾಸ ಹಿಡಿದು ಮತ್ತೆ ಹೋಗುವುದು ಇನ್ನೊಂದು, ಅಂದರೆ ಆರ್‌ಸಿಯು ರೀಡ್ ಲಾಕ್ ಬಿಟ್ಟ ಮೇಲೂ ಪಾಯಿಂಟರ್ ಬಳಸುವುದು. ಹೊರಗೂ ಬೇಕು ಅಂದರೆ ರೆಫರೆನ್ಸ್ ಹಿಡಿಯಿರಿ, ಅದೂ 'ಸೊನ್ನೆ ಅಲ್ಲದಿದ್ದರೆ ಮಾತ್ರ ಏರಿಸು' ಎಂಬ ಬಗೆಯದು.

## ಡೀಬಗ್ ಮಾಡಲು ಕೂತರೆ ತೊಂದರೆಯೇ ಮಾಯ

ಲಾಗ್‌ಗೆ ಸಾಲು ಬರೆಯುವ ಪ್ರಿಂಟ್‌ಕೆ ಒಂದು ಹಾಕಿದರೆ ಬಗ್ ಹೋಗುತ್ತದೆ, ತೆಗೆದರೆ ಬರುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಆ ಪ್ರಿಂಟ್‌ಕೆಯನ್ನೇ ಪರಿಹಾರ ಅಂತ ಒಳಗೆ ಸೇರಿಸಿದ್ದರು. ಹೊಸ ಪ್ರೊಸೆಸರ್ ಬಂದ ಮೇಲೆ ಬಗ್ ಮತ್ತೆ ಬಂತು, ಅಷ್ಟರಲ್ಲಿ ಆ ಸಾಲು ಯಾಕಿದೆ ಅಂತ ಯಾರಿಗೂ ನೆನಪಿರಲಿಲ್ಲ. ತಡ ಮಾಡುವುದರಿಂದ ಬಗ್ ಹೋದರೆ ಅದು ರೇಸ್ ಇದೆ ಎಂಬುದಕ್ಕೆ ಸಾಕ್ಷಿ, ಅಷ್ಟೇ.

ಅದೇ ತಡವನ್ನು ನಿಮ್ಮ ಕಡೆ ತಿರುಗಿಸಿಕೊಳ್ಳಿ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಸಂದಿ ಇದೆ ಅಂತ ಅನುಮಾನ ಇರುವ ಕಡೆ ಬೇಕಂತಲೇ ಕೆಲವು ಮಿಲಿಸೆಕೆಂಡ್ ತಡ ಹಾಕಿ. ವಾರಕ್ಕೊಮ್ಮೆ ಬರುತ್ತಿದ್ದದ್ದು ನಿಮಿಷಕ್ಕೊಮ್ಮೆ ಬಂದರೆ ಸಂದಿ ಅದೇ. ಲಾಕ್ ಹಿಡಿದಿರುವಾಗ ಮಲಗುವ ಬಗೆಯ ತಡ ಹಾಕಬೇಡಿ, ಸುತ್ತುತ್ತಾ ಕಾಯುವ ಎಂಡಿಲೇ ಬಳಸಿ.

ಒಂದೇ ಸಿಪಿಯುನಿಂದ ಬೂಟ್ ಮಾಡಿ ನೋಡುವುದೂ ಪುಕ್ಕಟೆ ಪರೀಕ್ಷೆ. ತೊಂದರೆ ಹೋದರೆ ಅನುಮಾನ ಗಟ್ಟಿಯಾಗುತ್ತದೆ. ಹೋಗದಿದ್ದರೆ ರೇಸ್ ಅಲ್ಲ ಅಂತ ಮಾತ್ರ ಹೇಳಬೇಡಿ, ಸಾಫ್ಟ್‌ಐಆರ್‌ಕ್ಯು ಒಂದೇ ಸಿಪಿಯುನಲ್ಲೂ ನಡುವೆ ನುಗ್ಗುತ್ತದೆ.

ಎಲ್ಲಿ ಹುಡುಕಬೇಕೆಂದೇ ಗೊತ್ತಿಲ್ಲದಿದ್ದರೆ 5.8ರಲ್ಲಿ ಬಂದ ಕೆಸಿಸ್ಯಾನ್ ಇದೆ. ಅದು ಒಂದು ಮೆಮೊರಿ ಜಾಗಕ್ಕೆ ಕಾವಲು ಹಾಕಿ, ಆ ಸಿಪಿಯುವನ್ನು ಕೆಲವು ಮೈಕ್ರೋಸೆಕೆಂಡ್ ತಡೆದು, ಅಷ್ಟರಲ್ಲಿ ಬೇರೆಯವರು ಬಂದು ಮುಟ್ಟುತ್ತಾರಾ ನೋಡುತ್ತದೆ. ಬಹಳ ದೂರು ಬರುತ್ತವೆ, ಎಲ್ಲವೂ ಅಪಾಯ ಅಲ್ಲ. ಬರೀ ಎಣಿಕೆಯ ಅಂಕಿ ಒಂದು ತಪ್ಪಿದರೆ ಯಾರೂ ಸಾಯುವುದಿಲ್ಲ. ಆದರೆ ದೂರು ಬಂದ ಕಡೆಯಲ್ಲೆಲ್ಲ ರೀಡ್ ಒನ್ಸ್, ರೈಟ್ ಒನ್ಸ್ ಅಂಟಿಸುತ್ತಾ ಹೋಗುವುದು ಕೆಟ್ಟ ಚಾಳಿ. ಅವು ಕಂಪೈಲರ್ ಕಿತಾಪತಿ ಮಾಡದಂತೆ ತಡೆಯುತ್ತವೆ, ಕೆಸಿಸ್ಯಾನ್ ಬಾಯಿ ಮುಚ್ಚಿಸುತ್ತವೆ. ಸೀಟಿನ ಜಗಳ ಬಿಡಿಸುವುದಿಲ್ಲ.

## ಸರಿಮಾಡಿದೆ ಅನ್ನಿಸಿದೆ, ನಂಬುವುದು ಹೇಗೆ

200 ಸಲಕ್ಕೊಮ್ಮೆ ಕೈಕೊಡುತ್ತಿದ್ದ ಪರೀಕ್ಷೆಯನ್ನು 200 ಸಲ ಓಡಿಸಿ ಏನೂ ಆಗಲಿಲ್ಲ ಅಂದರೆ ಗೆದ್ದಂತಲ್ಲ. ಬಗ್ ಹಾಗೇ ಇದ್ದರೂ ಅಷ್ಟು ಅದೃಷ್ಟ ಸಿಗುವ ಸಾಧ್ಯತೆ ಶೇ. 37ರಷ್ಟಿದೆ. 600 ಸಲ ಸುಸೂತ್ರವಾಗಿ ಓಡಿದರೆ ಅದು ಶೇ. 5ಕ್ಕೆ ಇಳಿಯುತ್ತದೆ. ಅದಕ್ಕಿಂತ ಒಳ್ಳೆಯದು, ತಡ ಹಾಕಿ ಸಂದಿ ಹಿಗ್ಗಿಸಿದ ಕರ್ನಲ್‌ನಲ್ಲೇ ಪ್ಯಾಚ್ ಪರೀಕ್ಷಿಸುವುದು.

## ಯಾವಾಗ ಕೈಬಿಟ್ಟು ಬೇರೆಯವರನ್ನು ಕರೆಯಬೇಕು

ಡ್ರೈವರ್ ಸೋರ್ಸ್ ನಿಮ್ಮ ಹತ್ತಿರ ಇಲ್ಲದಿದ್ದರೆ ಕಾರ್ಡ್ ಕೊಟ್ಟವರ ಹತ್ತಿರ ಹೋಗಿ. ಡಿಸ್ಟ್ರೋ ಕರ್ನಲ್ ಆದರೆ ಹೊಸ ಮೂಲ ಕರ್ನಲ್‌ನಲ್ಲಿ ತೊಂದರೆ ಇದೆಯಾ ಒಮ್ಮೆ ನೋಡಿ. ಇಲ್ಲದಿದ್ದರೆ ಡಿಸ್ಟ್ರೋದವರನ್ನು ಕೇಳಿ. ಪರಿಹಾರಕ್ಕೆ ನೆಟ್‌ವರ್ಕ್ ಸೆಟ್ಟಿಂಗ್ ಕಾಯುವ ಆರ್‌ಟಿಎನ್‌ಎಲ್‌ನಂಥ ದೊಡ್ಡ ಲಾಕ್‌ನ ಕ್ರಮವನ್ನೇ ಬದಲಿಸಬೇಕು ಅನ್ನಿಸಿದರೆ ಒಬ್ಬರೇ ಮುಂದುವರಿಯಬೇಡಿ, ಆ ಭಾಗದ ಮೇಂಟೇನರ್ ಜೊತೆ ಮಾತಾಡಿ. ಸಾಮಾನ್ಯ ಬಳಕೆದಾರ ಯಾರಾದರೂ ಬಿಟ್ಟ ಮೆಮೊರಿ ಮುಟ್ಟುವಂತೆ ಮಾಡಬಹುದು ಅಂತ ಕಂಡರೆ ಎಲ್ಲರೆದುರು ಬರೆಯಬೇಡಿ. ಕರ್ನಲ್ ಸೆಕ್ಯುರಿಟಿ ತಂಡಕ್ಕೆ ಖಾಸಗಿಯಾಗಿ ತಿಳಿಸಿ.

ಪ್ಯಾಚ್ ನೀವೇ ಕಳಿಸುವುದಾದರೆ ವಿವರಣೆಯಲ್ಲಿ ಎರಡು ಸಿಪಿಯುಗಳನ್ನು ಅಕ್ಕಪಕ್ಕ ಎರಡು ಕಂಬವಾಗಿ ಬರೆದು, ಯಾರು ಯಾವ ಸಾಲಿನ ನಂತರ ಏನು ಮಾಡಿದರು ಅಂತ ಮೇಲಿನಿಂದ ಕೆಳಗೆ ತೋರಿಸಿ. ಹಾಗೆ ಬರೆಯಲು ಆಗದಿದ್ದರೆ ನಿಮಗಿನ್ನೂ ರೇಸ್ ಅರ್ಥವಾಗಿಲ್ಲ. ತಪ್ಪು ನುಸುಳಿದ ಕಮಿಟ್‌ನ ಮೊದಲ 12 ಅಕ್ಷರ ಹಾಕಿದ ಫಿಕ್ಸಸ್ ಸಾಲು ಸೇರಿಸಿ, ಹಳೇ ಕರ್ನಲ್‌ಗಳಿಗೆ ಪ್ಯಾಚ್ ತಲುಪಲು ಅದು ನೆರವಾಗುತ್ತದೆ. ಬಗ್ ಪರಿಹಾರ ಹೋಗುವುದು ನೆಟ್ ಟ್ರೀಗೆ, ಹೊಸ ಸೌಲಭ್ಯಗಳ ನೆಟ್‌ನೆಕ್ಸ್ಟ್‌ಗೆ ಅಲ್ಲ. ಮತ್ತೆ, ಕಳಿಸುವ ಮುಂಚೆ ಪರೀಕ್ಷೆಗೆ ಹಾಕಿದ್ದ ಆ ಎಂಡಿಲೇ ಸಾಲು ತೆಗೆದಿದ್ದೀರಾ ನೋಡಿಕೊಳ್ಳಿ. ನಾನು ಒಂದು ಸಲ ಮರೆತಿದ್ದೆ.